ಜೋಡಿ ಟೈರಿನ ಸಂದಿಯ ಬೆಟ್ಟಗಳು

ಪಂಚನಹಳ್ಳಿಯಲ್ಲಿ ಸೂರ್ಯ ಹುಟ್ಟುವುದೇ ಪಂಕ್ಚರ್ ಅಂಗಡಿಯ ಓಂಕಾರೇಶ್ ಜಾಕಿ ಏರಿಸಿದ ಮೇಲೆ. ಇವತ್ತೂ ಹಾಗೆಯೇ. ತೆಂಗಿನಕಾಯಿ ಲಾರಿಯ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಜೋಡಿ ಟೈರಿನ ಸಂದಿಗೆ ಲಿವರ್ ತೂರಿಸಿ ಮೀಟುತ್ತಿದ್ದಾರೆ. ಭೂಮಿ ನಡುಗಿ, ಕಡೂರಿನವರೆಗೂ ನಾಯಿಗಳೆಲ್ಲ ಎದ್ದು ಬೊಗಳಿ, ಮುಷ್ಟಿಗಾತ್ರದ ಕಲ್ಲೊಂದು ಹೊರಗೆ ಬೀಳುತ್ತದೆ. ಟ್ಯೂಬು ಪರೀಕ್ಷಿಸುವ ತೊಟ್ಟಿಯಲ್ಲಿ ಅದನ್ನು ಅದ್ದಿ, ಬೆಳಕಿಗೆ ಹಿಡಿದು ತಿರುಗಿಸುತ್ತಾರೆ.

“ಬೇಗ ಮಾಡಣ್ಣ, ತಿಪಟೂರು ಸೇರ್ಬೇಕು,” ಎನ್ನುತ್ತಾನೆ ಡ್ರೈವರ್ ಬಸವೇಶ್.

“ಇರೋ ಮಾರಾಯ. ಟೈರ್ ಮಧ್ಯ ಬೆಟ್ಟ ಇಟ್ಕಂಡು ಓಡಾಡ್ತಿದ್ದೀಯ, ನಿಂಗೇ ಗೊತ್ತಿಲ್ಲ.”

ದಿನಕ್ಕೆ ಏಳೆಂಟು ಪಂಕ್ಚರ್ ಹಾಕುವ ಈ ತಗಡಿನ ಅಂಗಡಿಗೆ ಪ್ರಪಂಚದ ಅಷ್ಟೂ ಬೆಟ್ಟಗಳು ಒಂದಲ್ಲ ಒಂದು ದಿನ ಲಾರಿ ಹತ್ತಿ ಬಂದೇ ಬರುತ್ತವೆ. ಆಯ್ದ ಕಲ್ಲುಗಳನ್ನು ಜೋಡಿಸಿಟ್ಟ ಹಲಗೆಯ ಮೇಲೆ ಒಂದು ಕಲ್ಲು ಕಣಿವೆಯಂತಿದೆ, ಒಂದು ಕಡಿದಾದ ಬಂಡೆಯಂತಿದೆ, ಬಟ್ಟಲಿನಂಥ ಇನ್ನೊಂದಕ್ಕೆ ನೀರು ಹನಿಸಿದರೆ ಕೆರೆ. ಯಾವುದಕ್ಕೂ ಉಳಿ ಮುಟ್ಟಿಸಿಲ್ಲ. ಸವೆದ ಟೈರಿನ ರಬ್ಬರನ್ನು ಕಲ್ಲಿನ ತಳಕ್ಕೆ ತಕ್ಕಂತೆ ಕೊರೆದು ಪೀಠ ಮಾಡುತ್ತಾರೆ, ಅಷ್ಟೇ.

“ಕಲ್ಲು ಹೆಂಗೈತೋ ಹಂಗೇ ಇರ್ಬೇಕು. ಕೂರೋ ಜಾಗ ಮಾತ್ರ ನಾವು ಮಾಡ್ಕೊಡೋದು.”

ಚಕ್ರದ ರಿಂಗು ಸಿಡಿದು ಓಂಕಾರೇಶ್ ಅವರ ಎಡಗೈ ಕಿರುಬೆರಳು ಸೊಟ್ಟಗಾಗಿದೆ, ಸೊಂಟ ಹಿಡಿದಿದೆ. ಊರವರು ಕಲ್ಲುಹುಚ್ಚ ಎಂದು ಕರೆದೂ ಕರೆದೂ ಸುಸ್ತಾಗಿದ್ದಾರೆ. ಹೆಂಡತಿ ವಿಮಲಮ್ಮನಿಗೆ ಇನ್ನೂ ಸುಸ್ತಾಗಿಲ್ಲ: “ಮಂಚದ ಕೆಳಗೆ ಘಾಟಿನೇ ಇಟ್ಟವ್ರೆ ಕಣ್ರೀ. ಕಸ ಗುಡಿಸೋಕೆ ಬಸ್ಸಲ್ಲಿ ಹೋಗ್ಬೇಕು.”

ಇಂಥವರನ್ನು ಈಚೆಗೆ ಮೊದಲ ಬಾರಿಗೆ ಒಬ್ಬರು ಕರೆದರು. ಸ್ಕೂಟರಿಗೆ ಪಂಕ್ಚರ್ ಹಾಕಿಸಲು ಬಂದ ತ್ರಿವೇಣಿ ಮೇಡಂ, ಕಡೂರಿನ ತಮ್ಮ ಶಾಲೆಯ ಪ್ರದರ್ಶನದಲ್ಲಿ ಈ ಕಲ್ಲುಗಳನ್ನು ಇಡಿ ಎಂದರು. ಓಂಕಾರೇಶ್ ನೆಲದಿಂದ ಮೇಲೆದ್ದವರು ಎರಡು ದಿನ ಇಳಿಯಲೇ ಇಲ್ಲ. ಎಲ್ಲಕ್ಕಿಂತ ಚೆಂದದ್ದು ತೆಂಗಿನಕಾಯಿ ಗಾತ್ರದ ಕರಿಕಲ್ಲು. ನೆತ್ತಿಯಿಂದ ಬುಡದವರೆಗೆ ಬಿಳಿ ಗೆರೆ, ತೊರೆ ಇಳಿದ ಹಾಗೆ. ಅದಿಲ್ಲದೆ ಪ್ರದರ್ಶನವೇ ಇಲ್ಲ ಎಂದುಕೊಂಡರು.

ಪ್ರದರ್ಶನದ ಹಿಂದಿನ ದಿನ ಸೋಮವಾರ. ಹೊಳಪು ಬರಲೆಂದು ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿ, ಅಂಗಡಿ ಮುಂದಿನ ಬೇವಿನ ಮರದಡಿ ಮರಳ ಮೇಲಿಟ್ಟು, ದೇವನೂರು ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಯ ಕೆಲಸಕ್ಕೆ ಹೋದರು. ವಾಪಸ್ ಬಂದರೆ ಕಲ್ಲಿಗೆ ಮೂರು ಪಟ್ಟೆ ವಿಭೂತಿ, ಕಣಗಿಲೆ ಹೂವು, ಒಡೆದ ಕಾಯಿ. ಸೊಪ್ಪು ಮಾರುವ ಮಾರಮ್ಮಜ್ಜಿ ಕೈಮುಗಿದು ಕೂತಿದ್ದಾಳೆ. ಸಂಜೆಗೆ ಸುದ್ದಿ ಅಜ್ಜಂಪುರ ದಾಟಿ, ತರೀಕೆರೆಯವರು ಹರಕೆಯನ್ನೂ ಹೊತ್ತರು.

“ಅಜ್ಜೀ, ಅದು ದೇವ್ರಲ್ಲ, ಕಲ್ಲು.”

“ಎಣ್ಣೆ ಹಚ್ಚಿ ಸೋಮವಾರ ಮರದಡಿ ಕೂರ್ಸಿದ್ದು ನೀನೇ ಅಲ್ವೇನಪ್ಪಾ?”

ತಪ್ಪು ತಮ್ಮದೇ. “ಅಜ್ಜಿ ಮನ್ಸಿಟ್ಟು ಕೈ ಮುಗ್ದವ್ಳೆ. ಒರೆಸೋಕೆ ಕೈ ಬರ್ಲಿಲ್ಲ,” ಎನ್ನುತ್ತಾರೆ ಓಂಕಾರೇಶ್. ಮರುದಿನ ಬೆಳಿಗ್ಗೆ, ಕಲ್ಲನ್ನು ಪ್ರದರ್ಶನಕ್ಕೆ ಒಯ್ಯಲೇ ಎಂದು ಅವಳನ್ನೇ ಕೇಳಿದರು. ಅಜ್ಜಿ ಯೋಚಿಸಿ ಹೇಳಿದಳು: “ದೇವ್ರು ಊರು ಸುತ್ತೋದು ಐತಲ್ಲ, ಹೋಗ್ಬರ್ಲಿ. ನಾನೂ ಜೊತೇಗ್ ಬತ್ತೀನಿ.”

ಕಲ್ಲು ಅಜ್ಜಿಯ ಮಡಿಲಲ್ಲಿ ಬಸ್ಸು ಹತ್ತಿತು. “ಹೆಣ್ಣುದೇವ್ರಾದ್ರೆ ಫ್ರೀ ಅಜ್ಜಿ, ಈಶ್ವರನಾದ್ರೆ ಟಿಕೆಟ್ ತಗೋಬೇಕು,” ಎಂದ ಕಂಡಕ್ಟರ್.

ಶಾಲೆಯ ಮೇಜಿನ ಮೇಲೆ, ವಿಭೂತಿ ಸಮೇತ, ಕರಿಕಲ್ಲು ತನ್ನ ರಬ್ಬರ್ ಪೀಠದಲ್ಲಿ ಕೂತಿತು. ಬೆಟ್ಟದ ಬುಡದಲ್ಲಿ ನಿಂತವರ ಹಾಗೆ ಬಗ್ಗಿ ನೋಡಬೇಕೆಂದು ಓಂಕಾರೇಶ್ ಎಲ್ಲರಿಗೂ ತೋರಿಸುತ್ತಿದ್ದರು. ಅಜ್ಜಿಯೂ ಬಗ್ಗಿದಳು. ಬಗ್ಗಿದವಳು ತುಂಬ ಹೊತ್ತು ಏಳಲೇ ಇಲ್ಲ. ಆಮೇಲೆ ಸೆರಗಿನ ತುದಿಯಿಂದ ವಿಭೂತಿಯನ್ನು ತಾನೇ ಮೆಲ್ಲಗೆ ಒರೆಸಿದಳು.

“ಇದು ನಮ್ ಎಮ್ಮೆದೊಡ್ಡಿ ಕಾವಲಿನ ಗುಡ್ಡ ಕಣೋ. ಈ ಹಳ್ಳದ ಪಕ್ಕಕ್ಕೇ ನಮ್ಮಪ್ಪ ದನ ಹತ್ತಿಸ್ತಿದ್ದ. ಪಟ್ಟೆ ಬಳ್ದು ನಾನೇ ದಾರಿ ಮುಚ್ಬಿಟ್ಟಿದ್ದೆ.”

ಆ ಕಲ್ಲು ಯಾವ ಊರಿನ ಲಾರಿಯಿಂದ ಬಿದ್ದದ್ದೋ ಓಂಕಾರೇಶ್‌ಗೆ ನೆನಪಿಲ್ಲ. ಅಜ್ಜಿಗೆ ಅದನ್ನು ಹೇಳಲೂ ಇಲ್ಲ.

ಇನ್ನೇನು ಆಸೆ ಎಂದು ಕೇಳಿದರೆ, ಬಸವೇಶನ ಚಕ್ರದ ನಟ್ಟು ಬಿಗಿಯುತ್ತಲೇ ಉತ್ತರಿಸುತ್ತಾರೆ: “ಯಾರ್ಯಾರ ಊರಿನ ಗುಡ್ಡಗಳು ನನ್ ಅಂಗ್ಡೀಲಿ ಕೂತವೋ. ಬಂದು ಗುರ್ತು ಹಿಡೀಲಿ. ಪಂಕ್ಚರ್ ಆಗ್ದಿದ್ರೂ ಬರ್ಲಿ.”