ಚರ್ಚಿನ ಎದುರಿನ ಮನೆ

ಚಿಕ್ಕಬಳ್ಳಾಪುರದಲ್ಲಿ ಬ್ರಿಟಿಷರ ಕಾಲದ ಚರ್ಚೊಂದಿದೆ. ಅದರ ಮುಂದಿನ ಚೌಕದ ಸುತ್ತ ಅದೇ ಕಾಲದ ಕಟ್ಟಡಗಳು: ಕಲ್ಲಿನ ಆಸ್ಪತ್ರೆ, ಪಾದ್ರಿಗಳ ಬಂಗಲೆ, ಹೆಂಚಿನ ಶಾಲೆ. ಎದುರು ಸಾಲಿನಲ್ಲಿ ನನ್ನ ಗಂಡನ ಕಡೆಯವರ ಮನೆ. ಮದುವೆಯಾಗಿ ಬಂದಾಗ ಆ ಮನೆಯ ಮಹಡಿಯ ಕೋಣೆ ನಮಗೆ ಸಿಕ್ಕಿತ್ತು. ಕಿಟಕಿಯ ಮೇಲೆ ಬಿಸಿಲು ಮಳೆಗೆ ತಡೆಯಾಗಿ ಮರದ ಪಟ್ಟಿಗಳ ಚೂಪಾದ ಇಳಿಜಾರು ಮಾಡು. ತೆರೆದರೆ ಚರ್ಚಿನ ಗಂಟೆಗೋಪುರ ಕೈಗೆ ಸಿಗುವಷ್ಟು ಹತ್ತಿರ.

ಮನೆ ಪಾಲಾದಾಗ ನನ್ನ ಗಂಡ, ಹಳೇದು ಬೇಡವೆಂದು ಬೈಪಾಸಿನ ಬಳಿಯ ಸೈಟು ಕೇಳಿ ಪಡೆದರು. ನನ್ನನ್ನು ಕೇಳಲಿಲ್ಲ. ಚೌಕದ ಮನೆ ಭಾವನವರಿಗೆ ಹೋಯಿತು, ಅಂದರೆ ನನ್ನ ಓರಗಿತ್ತಿಗೆ. ಅವರು ಒಳ್ಳೆಯವರು. ಅದೇ ಕಷ್ಟ. ಜಗಳಗಂಟಿಯಾಗಿದ್ದರೆ ನನ್ನ ಹೊಟ್ಟೆಯುರಿಗೆ ಒಂದು ನೆಪವಾದರೂ ಇರುತ್ತಿತ್ತು. ತರಕಾರಿಗೆ ಹೋದಾಗಲೆಲ್ಲ ಬೇಕೆಂದೇ ಚೌಕದ ಮೇಲೆ ಹಾದು ಬರುತ್ತಿದ್ದೆ. ಆ ಕಿಟಕಿಯ ಸರಳಿಗೆ ಅವರು ಒದ್ದೆ ಬಟ್ಟೆ ಹರವಿದ್ದು ಕಂಡರೆ ಅಂದೆಲ್ಲ ಮನೆಯಲ್ಲಿ ಯಾರ ಜೊತೆಗೂ ನೆಟ್ಟಗೆ ಮಾತಾಡುತ್ತಿರಲಿಲ್ಲ.

ಹೋದ ವರ್ಷ ಬೆಂಗಳೂರಿನ ಕಾಲೇಜೊಂದರಿಂದ ವಾಸ್ತುಶಿಲ್ಪ ಓದುವ ಹುಡುಗಿಯರು ಚೌಕದ ಕಟ್ಟಡಗಳ ಚಿತ್ರ ಬರೆಯಲು ಬಂದರು. ಓರಗಿತ್ತಿ ನನಗೆ ಫೋನ್ ಮಾಡಿದರು.

"ಏನೇನೋ ಕೇಳ್ತಾರೆ ಕಣೇ, ನನಗೆ ಗೊತ್ತಾಗಲ್ಲ. ಮಾವನವರು ನಿನ್ ಹತ್ರ ತಾನೆ ಎಲ್ಲಾ ಹೇಳ್ತಿದ್ದಿದ್ದು. ಒಂದ್ಸಲ ಬಾಮ್ಮ."

ಹೋದೆ. ಚರ್ಚಿನ ಕಮಾನು ಕಟ್ಟಿದ ಗಾರೆಯವರೇ ಈ ಜಗುಲಿಯ ಕಮಾನನ್ನೂ ಕಟ್ಟಿದ್ದೆಂದು ಮಾವನವರು ಹೇಳುತ್ತಿದ್ದುದನ್ನು ಹೇಳಿ, ಎರಡರ ನೆತ್ತಿಯಲ್ಲೂ ಇರುವ ಒಂದೇ ಬಗೆಯ ಗಾರೆ ಹೂವನ್ನು ತೋರಿಸಿದೆ. ಹುಡುಗಿಯರಿಗೆ ಖುಷಿಯಾಯಿತು. ಕೊನೆಗೆ ಒಬ್ಬಳು, "ಮನೆಯವರು ಬಾಗಿಲಲ್ಲಿ ನಿಂತ್ಕೊಳ್ಳಿ ಆಂಟಿ, ಒಂದು ಫೋಟೋ" ಎಂದಳು. ಓರಗಿತ್ತಿ ಸೆರಗು ಸರಿಮಾಡಿಕೊಂಡು ನಿಂತರು.

"ನೀನೂ ಬಾರೇ" ಎಂದರು.

ನಾನು ಖಾಲಿ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಒಂದೆರಡು ತಿಂಗಳಿಗೆ ಹುಡುಗಿಯರು ಆ ಮನೆಯ ಚಿತ್ರಕ್ಕೆ ಫ್ರೇಮ್ ಹಾಕಿಸಿ ಓರಗಿತ್ತಿಗೆ ಕಳಿಸಿಕೊಟ್ಟರು. ಅವರು ಅದನ್ನು ಹಳೇ ಸೀರೆಯಲ್ಲಿ ಸುತ್ತಿ, ಆಟೋದಲ್ಲಿ ನಮ್ಮಲ್ಲಿಗೆ ತಂದರು.

"ನೀನೇ ಇಟ್ಕೋ. ನನಗೆ ಮನೇನೇ ಇದೆಯಲ್ಲ."

ಪ್ರೀತಿಯಿಂದಲೇ ಅಂದರು. ಕುಂಕುಮ ಕೊಟ್ಟು ಅವರನ್ನು ಕಳಿಸಿ, ಚಿತ್ರವನ್ನು ನಡುಮನೆಯಲ್ಲಿ ಟಿವಿಯ ಮೇಲ್ಗಡೆ ನೇತುಹಾಕಿದೆ.

ಸಂಜೆ ಗಂಡ ಬಂದು ನೋಡಿದರು. "ನಮ್ಮನೇನ ಎಷ್ಟು ಚೆನ್ನಾಗಿ ಬರ್ದಿದಾರೆ."

"ನಮ್ಮನೆ ಅಲ್ಲ, ನಿಮ್ಮಣ್ಣನ ಮನೆ" ಎಂದೆ.

ಅವರು ಚಪ್ಪಲಿಯನ್ನೂ ಬಿಡದೆ ಬಹಳ ಹೊತ್ತು ಅದರ ಮುಂದೆ ನಿಂತೇ ಇದ್ದರು.