ಓದದೆ ಬಿಟ್ಟ ಎರಡನೆಯ ಸಾಲು

೧೯೬೨ರ ಏಪ್ರಿಲ್ ತಿಂಗಳ ಒಂದು ಭಾನುವಾರ, ಬೆಳಗಿನ ಹತ್ತು ಗಂಟೆಗೆ, ಹೊನ್ನಾವರದ ಕಾಮತರ ಅಂಗಳದಲ್ಲಿ, ಅವರ ಕಾರಿನ ಎಡಗಡೆಯ ದೀಪದಿಂದ ಎರಡು ಹೆಜ್ಜೆ ಈಚೆಗೆ ನಿಂತು ನಾನು ಒಂದು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ದುರ್ಗಪ್ಪ ನಾಯ್ಕ ಎಂಬ ಡ್ರೈವರನಿಗೆ ಕಳ್ಳನೆಂಬ ಹೆಸರು ಬಂತು. ಅವನು ಕದ್ದಿರಲಿಲ್ಲ. ಅದು ನನಗೆ ಗೊತ್ತಿತ್ತು — ಆ ಕ್ಷಣದಲ್ಲೇ ಗೊತ್ತಿತ್ತು. ಆಮೇಲೆ ತಿಳಿಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ನಾನಾಗ ಅಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಕಾಮತರು ಮರದ ವ್ಯಾಪಾರಿಗಳು. ಮುಂಬಯಿಯಿಂದ ಒಂದು ವಿಲಾಯತಿ ಕಾರು ತರಿಸಿದ್ದರು. ಶಿರಾಲಿಯ ದುರ್ಗಪ್ಪ ಅದನ್ನು ನಡೆಸುತ್ತಿದ್ದ. ಅವನಿಗೆ ಇಂಗ್ಲಿಷ್ ಬಾರದು; ಕಿವಿ ಮಾತ್ರ ಬಹಳ ಚುರುಕು. ಜನವರಿಯ ಒಂದು ಸಂಜೆ ನಾನು ಕಾಮತರ ಜಗಲಿಯಲ್ಲಿ ಕೂತಿದ್ದಾಗ, ಕಾರಿನ ಜೊತೆ ಬಂದಿದ್ದ ಪುಸ್ತಕವನ್ನು ಹಿಡಿದು ಬಂದ.

“ಮಾಸ್ತರೆ, ಗುಡ್ಡೆ ಹತ್ತೂವಾಗ ಇಂಜಿನ್ ಒಳಗೆ ಟಣ್ ಟಣ್ ಕುಟ್ತದೆ. ನಮ್ಮ ಪೆಟ್ರೋಲ್ ಇದಕ್ಕೆ ಹಿಡಿಸೂದಿಲ್ಲ ಅಂತ ಕಾಣ್ತದೆ. ಪಂಪಿನವ ತನ್ನದು ಎಪ್ಪತ್ತೊಂಬತ್ತು ನಂಬರಿಂದು ಅಂತಾನೆ. ಹುಬ್ಬಳ್ಳಿಲಿ ಅದಕ್ಕಿಂತ ಮೇಲಿಂದು ಸಿಗ್ತದಂತೆ, ತುಟ್ಟಿ. ಪುಸ್ತಕದಲ್ಲಿ ಎಂತ ಬರ್ದದೆ, ಒಂಚೂರು ನೋಡಿ.”

ಚಹಾ ತಂದ ಕಾಮತರ ತಂಗಿ ಶಾರದಾಬಾಯಿ ನಕ್ಕರು. “ಹೆಂಡ್ತಿ ಕೆಮ್ಮಿದ್ರೆ ಇಷ್ಟು ಕಿವಿ ಕೊಡ್ತೀಯಾ ದುರ್ಗಪ್ಪ?”

“ಅವ್ಳು ಕೆಮ್ಮೂದಿಲ್ಲ ಬಾಯೋರೆ, ಬೈಯೂದೇ.”

ಪುಟ ಸಿಕ್ಕಿತು. ಪೆಟ್ರೋಲಿನ ನಂಬರಿಗೆ ಅಲ್ಲಿ ‘ಆಕ್ಟೇನ್’ ಎಂದಿತ್ತು; ಆ ಪದವನ್ನು ನಾನು ಕಂಡದ್ದೇ ಆಗ. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಅವನ ಎದುರು, ಶಾರದಾಬಾಯಿಯವರ ಎದುರು, ಇಂಗ್ಲಿಷ್ ಮಾಸ್ತರನಾದ ನಾನು — ಅನ್ನಲಿಲ್ಲ. ಎರಡು ಸಾಲುಗಳಿದ್ದವು. ಕಡಿಮೆ ಒತ್ತಡದ ಇಂಜಿನ್ನಿಗೆ ಎಪ್ಪತ್ತೆರಡು ಎಂದು ಮೊದಲನೆಯದು. ಕೆಳಗೆ ಇನ್ನೊಂದು. ನಾನು ಮೊದಲನೆಯದಕ್ಕೇ ನಿಲ್ಲಿಸಿದೆ.

“ಎಪ್ಪತ್ತೆರಡು ಸಾಕಂತೆ. ಪಂಪಿನದು ಧಾರಾಳವಾಯ್ತು.”

“ಇಂಜಿನ್ ಮೇಲೆ ಒಂದು ತಗಡು ಅದೆ, ಅದ್ರಲ್ಲಿ ಎಂತೋ ಅಕ್ಷರ ಅದೆ. ಅದ್ನೂ ನೋಡಿದ್ರೆ…” ಎನ್ನುತ್ತ ಅವನು ಅಂಗಳಕ್ಕಿಳಿದು ಬಾನೆಟ್ ಎತ್ತಿಯೇ ಬಿಟ್ಟ. ನಾನು ಮಡಿಸಿದ ಬಿಳಿ ಪಂಚೆ ಉಟ್ಟಿದ್ದೆ. ಎಣ್ಣೆ ತಾಗೀತೆಂದು ಜಗಲಿಯಿಂದ ಏಳಲಿಲ್ಲ.

“ಪುಸ್ತಕದಲ್ಲೇ ಅದೆಯಲ್ಲ ಮಾರಾಯ.”

“ಆತು. ನೀವು ಹೇಳಿದ ಮೇಲೆ ಮುಗೀತು.”

ಅವನು ತನ್ನ ಕಿವಿಯನ್ನು ಬಿಟ್ಟು ನನ್ನ ಇಂಗ್ಲಿಷನ್ನು ನಂಬಿದ. ಉಳಿದದ್ದನ್ನು ಓದಿ ಹೇಳುತ್ತೇನೆಂದು ಪುಸ್ತಕವನ್ನು ಮನೆಗೆ ಒಯ್ದೆ. ತೆರೆಯಲಿಲ್ಲ.

ಏಪ್ರಿಲಿನಲ್ಲಿ ದೇವಿಮನೆ ಘಟ್ಟ ಹತ್ತುವಾಗ ಕಾರು ನಿಂತಿತು. ಲಾರಿಗೆ ಕಟ್ಟಿ ಎಳೆದು ತಂದರು. ಆ ಭಾನುವಾರ ಕುಮಟೆಯ ಮೆಕ್ಯಾನಿಕ್ ಇಂಜಿನ್ ಬಿಚ್ಚಿ ಪಿಸ್ಟನ್ನನ್ನು ಕಾಮತರ ಕೈಗೆ ಕೊಟ್ಟ.

“ತಲೆ ಸುಟ್ಟು ತೂತಾಗಿದೆ ನೋಡಿ. ಸೀಮೆಎಣ್ಣೆ ಬೆರೆಸಿ ಓಡಿಸಿದ್ರೆ ಹಿಂಗೇ ಆಗೂದು.”

ಕಾಮತರು ದುರ್ಗಪ್ಪನನ್ನು ನೋಡಿದರು. “ಪೆಟ್ರೋಲ್ ಮಾರ್ಕೊಂಡು ಸೀಮೆಎಣ್ಣೆ ಹೊಯ್ದೆಯಾ?”

“ಇಲ್ಲ ಒಡೆಯಾ. ಮಾಸ್ತರು ಪುಸ್ತಕ ನೋಡಿ ಹೇಳಿದ್ದೇ ಹಾಕಿದ್ದು. ಕೇಳಿ ಅವರ್ನ.”

“ಹೌದಾ ಮಾಸ್ತರೆ?”

ಕೆಳಗೆ ಇನ್ನೊಂದು ಸಾಲಿತ್ತು — ಆಗ ನೆನಪಾಯಿತು. ಅದರಲ್ಲಿ ಏನಿದ್ದೀತೆಂದು ಓದದೆಯೇ ತಿಳಿಯಿತು.

“ನಾನು ಆ ಪುಸ್ತಕ ನೋಡಲೇ ಇಲ್ಲ” ಎಂದೆ.

ದುರ್ಗಪ್ಪ ಜಗಳವಾಡಲಿಲ್ಲ. “ಮಾಸ್ತರೆ?” ಎಂದ, ಅಷ್ಟೇ. ಕಾರಿನ ಬೀಗದಕೈಯನ್ನು ಜಗಲಿಯ ಮೇಲಿಟ್ಟು ಹೋದ. ಬಾಗಿಲಲ್ಲಿದ್ದ ಶಾರದಾಬಾಯಿ ಏನೋ ಹೇಳಲು ಬಾಯಿ ತೆರೆದರು, ಅಣ್ಣನ ಮುಖ ನೋಡಿದರು, ಒಳಗೆ ನಡೆದರು. ಅವರನ್ನು ನಾನು ದೂರುವುದಿಲ್ಲ. ಹೇಳಬೇಕಾದವನು ನಾನು.

ಮನೆಗೆ ಬಂದು ಓದಿದೆ: ಹೆಚ್ಚು ಒತ್ತಡದ ಇಂಜಿನ್ನಿಗೆ ತೊಂಬತ್ತಕ್ಕೆ ಕಡಿಮೆಯದು ಕೂಡದು. ನಾಲ್ಕು ದಿನ ಬಿಟ್ಟು, ಅಂಗಳದಲ್ಲಿ ಯಾರೂ ಇಲ್ಲದಾಗ ಇಂಜಿನ್ ಮೇಲಿನ ಆ ತಗಡನ್ನೂ ನೋಡಿದೆ. ಹೆಚ್ಚು ಒತ್ತಡದ್ದೇ. ಪುಸ್ತಕವನ್ನು ಕಾರಿನೊಳಗಿಟ್ಟು ಬಂದೆ. ಆಗಲೂ ಕಾಮತರು ಒಳಗೆ ಇದ್ದರು. ಕರೆದಿದ್ದರೆ ಕೇಳಿಸುತ್ತಿತ್ತು.

ಭಟ್ಕಳದಿಂದ ಕುಮಟೆಯವರೆಗೆ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಅವನು ಶರಾವತಿಯಲ್ಲಿ ವಾಹನ ದಾಟಿಸುವ ಜೋಡುದೋಣಿಗೆ, ಜಂಗಲಿಗೆ, ಕೆಲಸಕ್ಕೆ ಸೇರಿದ. ಕಾರು ಹತ್ತಲು ಹಲಗೆ ಹಾಕುವ ಕೆಲಸ. ಕಾಯ್ಕಿಣಿಯ ಅಕ್ಕನ ಮನೆಗೆ ಹೋಗುವಾಗಲೆಲ್ಲ ನಾನು ಅದರಲ್ಲೇ ದಾಟಬೇಕಿತ್ತು. “ಈಚೆ ನಿಲ್ಲಿ ಮಾಸ್ತರೆ, ಅಲ್ಲಿ ನೀರು ಹಾರ್ತದೆ” ಎನ್ನುತ್ತಿದ್ದ.

ಒಮ್ಮೆ ಒಂದು ಕಾರು ಹಲಗೆ ಏರುವಾಗ ಕಿವಿಗೊಟ್ಟು ಕೇಳಿ, “ತಮ್ಮಾ, ಕುಟ್ತಾ ಅದೆ. ಮೇಲಿನ ನಂಬರಿನ ಪೆಟ್ರೋಲ್ ಹಾಕು” ಎಂದ.

“ಹಲಗೆ ಹೊರೂವವ ಇಂಜಿನ್ ಡಾಕ್ಟರಾದ್ನಾ?” ಎಂದ ಆ ಡ್ರೈವರ್. ಜಂಗಲಿನಲ್ಲಿದ್ದವರೆಲ್ಲ ನಕ್ಕರು.

ನಾನೂ ನಕ್ಕೆ. ಇದನ್ನು ಬರೆಯಲು — ಮೊದಲಿನ ಸುಳ್ಳನ್ನು ಬರೆಯುವುದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಈಗ ಕಾಮತರು ಬದುಕಿಲ್ಲ; ಮೆಕ್ಯಾನಿಕನೂ ಇಲ್ಲ. ಈ ಬರಹದ ಒಂದು ಪ್ರತಿಯನ್ನು ಕಾಮತರ ಮಕ್ಕಳಿಗೆ ಕೊಡುತ್ತೇನೆ, ಅದೇ ಅಂಗಳದಲ್ಲಿ, ನಾಲ್ಕು ಜನರನ್ನು ಕರೆದು. ಕ್ಷಮೆ ಸಿಕ್ಕೀತೆಂದಲ್ಲ. ನನ್ನ ಮಾತೇ ಸಾಲದೆನ್ನುವವರು ಕೇಳಿ ನೋಡಬಹುದು: ಜನವರಿಯ ಆ ಸಂಜೆ ನಾನು ಪುಸ್ತಕ ನೋಡಿ ಹೇಳಿದ್ದನ್ನು ಕಂಡ ಇಬ್ಬರೂ ಇನ್ನೂ ಬದುಕಿದ್ದಾರೆ. ಕುಮಟೆಯಲ್ಲಿ ಮಗಳ ಮನೆಯಲ್ಲಿರುವ ಶಾರದಾಬಾಯಿ. ಶಿರಾಲಿಯಲ್ಲಿ ದುರ್ಗಪ್ಪ ನಾಯ್ಕ.