ಒಂದು ನಿಮಿಷ ಕೂತು ಹೋಗು

ಊರಿಗೆ ಹೊರಡುವ ಮುನ್ನ ಫ್ರಿಜ್ ಖಾಲಿ ಮಾಡುತ್ತಿದ್ದೆ. ಮೂಲೆಯಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟು ಸಿಕ್ಕಿತು. ಆ ವಾಸನೆಗೆ ಎದುರುಮನೆಯ ಅಜ್ಜಿ ನೆನಪಾದರು…

ಯುದ್ಧ ಶುರುವಾದ ವರ್ಷ ಉಕ್ರೇನಿನ ಖಾರ್ಕಿವ್‌ನಿಂದ ಜರ್ಮನಿಯ ನಮ್ಮ ಸಿಂಡೆಲ್‌ಫಿಂಗೆನ್‌ಗೆ ಬಂದಾಗ ಅವರ ಬಳಿ ಇದ್ದದ್ದು ಒಂದು ಕೈಚೀಲ. ಬಾಲ್ಕನಿಯ ಕುಂಡದಲ್ಲಿ ಮೊದಲು ಬೆಳೆದದ್ದು ಸಬ್ಬಸಿಗೆ. ಅವರಿಗದು ಬೀಟ್‌ರೂಟ್ ಸೂಪಿಗೆ, ನನಗೆ ಪಲ್ಯಕ್ಕೆ. ಮಾತು ಇಬ್ಬರದೂ ಹರಕುಮುರುಕು ಜರ್ಮನ್.

ಒಮ್ಮೆ ಆ ಸೂಪು ಕುಡಿದು, ಹೊಗಳುವ ಭರದಲ್ಲಿ ರಷ್ಯನ್ ಸೂಪ್ ಬಹಳ ರುಚಿ ಎಂದುಬಿಟ್ಟೆ. ಅಜ್ಜಿ ಸೌಟು ಕೆಳಗಿಟ್ಟರು.

"ನಮ್ಮ ಬೀದಿ ಕೆಡವಿದರು. ಸೂಪನ್ನೂ ಅವರಿಗೇ ಕೊಡಬೇಕಾ?"

ನನಗೆ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ರಷ್ಯನ್ ಆಡಿದವರು, ಈಗ ಮಗಳ ಜೊತೆ ಫೋನಿನಲ್ಲಿ ತಡವರಿಸಿಯಾದರೂ ಉಕ್ರೇನಿಯನ್ನೇ ಆಡುತ್ತಿದ್ದುದು ಏಕೆಂದು ಅಂದು ತಿಳಿಯಿತು.

ಅಂದೇ ಇನ್ನೊಂದು ಮಾತೂ ಹೊರಬಂತು. ಅವರ ಕಡೆ ದೂರ ಹೊರಟವರು ಬಾಗಿಲ ಬಳಿ ಒಂದು ನಿಮಿಷ ಸುಮ್ಮನೆ ಕೂತು ಏಳಬೇಕಂತೆ. ನಮ್ಮಲ್ಲೂ ಯಾರಾದರೂ ಸೀನಿದರೆ "ಒಂದ್ ಗಳಿಗಿ ಕುಂತು ನೀರ್ ಕುಡುದು ಹೋಗ್ರಿ" ಅನ್ನುತ್ತಾರಲ್ಲ, ಹಾಗೆ. ಬಾಂಬು ಬಿದ್ದ ಬೆಳಿಗ್ಗೆ ಅವರ ಗಂಡ ಅವರನ್ನು ದಬ್ಬಿ ರೈಲು ಹತ್ತಿಸಿ, ತಾವು ಹಿಂದೆಯೇ ಉಳಿದರು. ತಿಂಗಳೊಳಗೆ ತೀರಿಹೋದರು.

"ಕೂರದೇ ಹೊರಟೆ. ಅದಕ್ಕೇ ಅವರನ್ನು ಮತ್ತೆ ನೋಡಲಿಲ್ಲ…" ಎಂದ ಅಜ್ಜಿ ಬಹಳ ಹೊತ್ತು ಸೊಪ್ಪು ಹೆಚ್ಚುತ್ತಲೇ ಇದ್ದರು.

ಎರಡು ವರ್ಷದ ಮೇಲೆ ಗಂಡನ ಸಮಾಧಿ ನೋಡಲು ಅಜ್ಜಿ ಖಾರ್ಕಿವ್‌ಗೆ ಹೊರಟರು. ಬಸ್ಸಿಗೆ ಬಿಡಲು ನಾನೇ ಕಾರು ತೆಗೆದೆ. ಕೋಟು ತೊಟ್ಟ ಅಜ್ಜಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರಲು ಹೋದರು. ಹುಟ್ಟುಗುಣ ಸುಟ್ಟರೂ ಹೋಗದು, ನನ್ನದು ಗಡಿಬಿಡಿ. ಜರ್ಮನ್ ಮರೆತು ಕನ್ನಡವೇ ಬಂತು.

"ಬಸ್ ತಪ್ಪತದ, ನಡೀರಿ ಅಜ್ಜಿ!"

ತೋಳು ಹಿಡಿದು ಎಬ್ಬಿಸಿದೆ. ಸ್ಟೂಲನ್ನೊಮ್ಮೆ ನೋಡಿ, ನನ್ನ ಹಿಂದೆ ಬಂದರು. ಬಸ್ಸು ಬಂದದ್ದು ನಲವತ್ತು ನಿಮಿಷ ತಡವಾಗಿ.

ಹತ್ತನೆಯ ದಿನ ಅಜ್ಜಿಯ ಮಗಳ ಫೋನ್ ಬಂತು. ಅಜ್ಜಿ ಉಳಿದುಕೊಂಡಿದ್ದ ತಂಗಿಯ ಮನೆಯ ಮೇಲೆ ಕ್ಷಿಪಣಿ ಬಿದ್ದಿತ್ತು. ತಂಗಿ ಬದುಕಿದರು, ಅಜ್ಜಿ ಉಳಿಯಲಿಲ್ಲ.

ನಾನು ಶಕುನ ನಂಬುವವಳಲ್ಲ. ಕೂತಿದ್ದರೆ ಕ್ಷಿಪಣಿ ದಾರಿ ಬದಲಿಸುತ್ತಿರಲಿಲ್ಲ, ಗೊತ್ತು. ಆದರೂ ಅವರಿಗೆ ಬೇಕಿದ್ದದ್ದು ಒಂದೇ ನಿಮಿಷ. ಅದನ್ನು ನಾನು ಕೊಡಲಿಲ್ಲ.

ಎದುರಿನ ಬಾಗಿಲಲ್ಲಿ ಈಗ ಬೇರೆಯವರ ಹೆಸರಿದೆ. ಸೂಟ್‌ಕೇಸುಗಳನ್ನು ಹೊರಗಿಟ್ಟವಳು ಮತ್ತೆ ಒಳಬಂದು ಕೂತೆ.

"ಮಮ್ಮಿ, ಷ್ನೆಲ್, ಲಗೂ! ಫ್ಲೈಟ್ ಹೋಗ್ತದ!" ಎಂದಳು ನನ್ನ ಮಗಳು. ನನ್ನ ಮುಖ ನೋಡಿ ತಾನೂ ಪಕ್ಕದಲ್ಲಿ ನೆಲಕ್ಕೆ ಕೂತಳು.

ತಡವಾದರೆ ಆಗಲಿ ಎಂದು ಪೂರ್ತಿ ಒಂದು ನಿಮಿಷ ಕೂತೆವು.